ದೂರದ ಸರ್ಫ್ ಜಾಗಗಳಿಗೆ ರೋಡ್ ಟ್ರಿಪ್: ವಾಪಸ್ ಬರುವುದರಿಂದ ಶುರು ಮಾಡಿ ಪ್ಲ್ಯಾನ್ ಮಾಡುವುದು ಹೇಗೆ

ನನ್ನ ಮೊದಲ ದೂರದ ಸರ್ಫ್ ಟ್ರಿಪ್‌ನಲ್ಲಿ ಹನ್ನೊಂದು ಗಂಟೆ ಗಾಡಿ ಓಡಿಸಿ ದಡ ಮುಟ್ಟಿದರೆ, ಕಡಲು ಕೆರೆಯ ಹಾಗೆ ಮಲಗಿತ್ತು. ಒಂದು ದಿನ ಕಾದೆವು. ಎರಡು ದಿನ ಕಾದೆವು. ಕುಡಿಯುವ ನೀರು ಮುಗಿಯುತ್ತಾ ಬಂತು, ಹತ್ತಿರದ ಅಂಗಡಿ ತೊಂಬತ್ತು ಕಿಲೋಮೀಟರ್ ಆಚೆ. ಮೂರನೇ ದಿನ ಬೆಳಿಗ್ಗೆ ಗಂಟುಮೂಟೆ ಕಟ್ಟಿ ಹೊರಟೆವು. ಅವತ್ತೇ ಮಧ್ಯಾಹ್ನ ಅಲೆ ಬಂತಂತೆ. ಇನ್ನು ಇಪ್ಪತ್ತು ಲೀಟರ್ ನೀರು ಜೊತೆಗಿದ್ದಿದ್ದರೆ ನಾವೂ ಅಲ್ಲಿರುತ್ತಿದ್ದೆವು.

ಆವತ್ತಿನಿಂದ ನಾನು ಪ್ಲ್ಯಾನ್ ಮಾಡುವುದು ಹಿಂದಿನಿಂದ ಮುಂದಕ್ಕೆ. ಮೊದಲು ವಾಪಸ್ ಬರುವುದು ಹೇಗೆ, ಆಮೇಲೆ ಅಲ್ಲಿ ಎಷ್ಟು ದಿನ ಉಳಿಯಬಹುದು, ಕೊನೆಗೆ ಅಲೆ. ಆದರೆ ಪೆಟ್ರೋಲ್ ಲೆಕ್ಕದಿಂದ ಶುರು ಮಾಡಿದರೆ ಯಾರೂ ಓದುವುದಿಲ್ಲ, ಅಲ್ವಾ? ಹಾಗಾಗಿ ಇಲ್ಲಿ ಅಲೆಯಿಂದಲೇ ಶುರು ಮಾಡುತ್ತೇನೆ.

ಒಂದು ಮಾತು ಮೊದಲೇ. ಇದು ಈಗಾಗಲೇ ಸರ್ಫಿಂಗ್ ಬರುವವರಿಗೆ. ಮುರಿಯದ ಅಲೆಯನ್ನು ನೀವೇ ಆರಿಸಿ, ಎದ್ದು ನಿಂತು, ಅಡ್ಡ ಓಡಿಸಿ, ಲೀಶ್ (ಬೋರ್ಡನ್ನು ಕಾಲಿಗೆ ಕಟ್ಟುವ ಹಗ್ಗ) ಕಿತ್ತು ಹೋದರೂ ದಡಕ್ಕೆ ಈಜಿ ಬರುವಷ್ಟು ತಾಕತ್ತಿಲ್ಲದಿದ್ದರೆ ಜನರಿರುವ ಬೀಚ್‌ನಲ್ಲೇ ಇನ್ನೊಂದು ವರ್ಷ ಕಳೆಯಿರಿ. ಲೈಫ್‌ಗಾರ್ಡ್ ಇಲ್ಲದ ಕಡೆ ಕಲಿಯುವುದು ಬೇಡ.

ಜಾಗ ಹುಡುಕುವುದು

ಈಗ ಹೊಸ ಜಾಗ ಹುಡುಕುವ ಕೆಲಸ ಮುಕ್ಕಾಲು ಪಾಲು ಮನೆಯಲ್ಲೇ ಆಗುತ್ತದೆ. ನಮೀಬಿಯಾದ ಸ್ಕೆಲಿಟನ್ ಬೇ ಎಂಬ ಜಗತ್ಪ್ರಸಿದ್ಧ ಎಡ ಅಲೆ (ಸವಾರನ ಎಡಕ್ಕೆ ಮುರಿಯುತ್ತಾ ಹೋಗುವಂಥದ್ದು) ಸರ್ಫ್ ಲೋಕಕ್ಕೆಲ್ಲ ಗೊತ್ತಾಗಿದ್ದು ಯಾರೋ ಗೂಗಲ್ ಅರ್ತ್‌ನಲ್ಲಿ ಮರುಭೂಮಿಯ ಅಂಚನ್ನು ದಿಟ್ಟಿಸಿ ನೋಡಿದ್ದರಿಂದ. 2008ರ ಹೊತ್ತಿಗೆ ಅದರ ವಿಡಿಯೋ ನೋಡಿ ಎಲ್ಲರೂ ಬಾಯಿ ಬಿಟ್ಟರು.

ನೀವೂ ಹಾಗೇ ಮಾಡಿ. ಕರಾವಳಿಯ ಉದ್ದಕ್ಕೂ ನಿಧಾನವಾಗಿ ಸರಿಯುತ್ತಾ ಹೋಗಿ. ನೋಡಬೇಕಾದ್ದು ಬಿಳಿ ನೊರೆಯ ಆಕಾರ. ದಡದ ಉದ್ದಕ್ಕೂ ಒಂದೇ ನೇರ ಗೆರೆಯಾಗಿ ನೊರೆ ಇದ್ದರೆ ಅಲೆ ಒಮ್ಮೆಗೇ ಬಿದ್ದು ಮುಗಿಯುತ್ತದೆ, ಅದರಲ್ಲಿ ಆಡುವುದಕ್ಕೆ ಏನೂ ಇಲ್ಲ. ನೊರೆ ಓರೆಯಾಗಿ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ತೆಳ್ಳಗಾಗುತ್ತಾ ಹೋಗಿದ್ದರೆ ಕಣ್ಣು ಅಲ್ಲೇ ನಿಲ್ಲಿಸಿ. ಕಡಲಿಗೆ ಚಾಚಿದ ಬಂಡೆ ತುದಿ, ಅದರ ಪಕ್ಕದಲ್ಲಿ ಗಾಢ ಬಣ್ಣದ ಆಳದ ನೀರು, ಅಳಿವೆ ಬಾಯಿಯಲ್ಲಿ ತ್ರಿಕೋನವಾಗಿ ಬಿದ್ದ ಮರಳು ದಿಬ್ಬ, ಇವೆಲ್ಲ ಒಳ್ಳೆಯ ಗುರುತುಗಳು. ಆಳದ ನೀರು ಯಾಕೆ ಬೇಕೆಂದರೆ, ಅಲ್ಲಿ ಅಲೆ ಮುರಿಯುವುದಿಲ್ಲ, ನೀವು ಬೋರ್ಡ್ ಮೇಲೆ ಮಲಗಿ ಕೈಯಿಂದ ಹೊರಗೆ ಪ್ಯಾಡಲ್ ಮಾಡುವ ದಾರಿ ಅದೇ.

ಒಂದೇ ಚಿತ್ರ ನೋಡಿ ಮರುಳಾಗಬೇಡಿ. ಆ ಫೋಟೋ ತೆಗೆದ ದಿನ ಅಲೆ ಇತ್ತೋ ಇಲ್ಲವೋ. ಗೂಗಲ್ ಅರ್ತ್‌ನಲ್ಲಿ ಹಳೆಯ ವರ್ಷಗಳ ಚಿತ್ರಗಳೂ ಸಿಗುತ್ತವೆ. ಇನ್ನೂ ಒಳ್ಳೆಯದು ಯುರೋಪಿನ ಸೆಂಟಿನೆಲ್-2 ಉಪಗ್ರಹಗಳ ಚಿತ್ರ. ಪುಕ್ಕಟೆ, 10 ಮೀಟರ್ ಸ್ಪಷ್ಟತೆ, ಸುಮಾರು 5 ದಿನಕ್ಕೊಮ್ಮೆ ಅದೇ ಜಾಗದ ಹೊಸ ಚಿತ್ರ. ನಾನು ಮಾಡುವುದು ಇಷ್ಟು: ಹಳೆಯ ದಾಖಲೆಯಲ್ಲಿ ದೊಡ್ಡ ಅಲೆ ಇದ್ದ ದಿನಾಂಕಗಳನ್ನು ಹುಡುಕಿ, ಅದೇ ದಿನಗಳ ಉಪಗ್ರಹ ಚಿತ್ರ ತೆಗೆದು ನೋಡುತ್ತೇನೆ. ಮೋಡ ಇರದಿದ್ದರೆ ಅಲೆಯ ಗೆರೆಗಳು ಎಣಿಸುವ ಹಾಗೆ ಕಾಣುತ್ತವೆ. ಅಳಿವೆ ಮತ್ತು ಮರಳಿನ ಬೀಚ್ ಆದರೆ ತೀರ ಇತ್ತೀಚಿನ ಚಿತ್ರವೇ ಬೇಕು. ಒಂದು ಮಳೆಗಾಲ ಕಳೆದರೆ ಮರಳು ದಿಬ್ಬ ಎಲ್ಲಿಗೋ ಹೋಗಿರುತ್ತದೆ. ಬಂಡೆ ಹಾಗೆ ಓಡುವುದಿಲ್ಲ.

ಆಮೇಲೆ ನಾವಿಕರು ಬಳಸುವ ಕಡಲ ನಕ್ಷೆ ತೆಗೆದು ಆಳದ ಅಂಕಿಗಳನ್ನು ನೋಡಿ. ಅಲೆ ತನ್ನ ಎತ್ತರದ ಹೆಚ್ಚುಕಡಿಮೆ 1.3 ಪಟ್ಟು ಆಳದ ನೀರಿಗೆ ಬಂದಾಗ ಮುರಿಯುತ್ತದೆ. ಅಂದರೆ 2 ಮೀಟರ್ ಅಲೆ ಎರಡೂವರೆ ಮೀಟರ್ ಆಳದಲ್ಲಿ. ಇಡೀ ಕರಾವಳಿಯಲ್ಲಿ ಆ ಆಳದ ಗೆರೆ ಎಲ್ಲಿ ಓರೆಯಾಗಿದೆ ಎಂದು ಗುರುತು ಹಾಕಿಕೊಳ್ಳಿ.

ಈಗ ಮುಖ್ಯ ವಿಷಯ. ಒಂದೇ ಜಾಗ ಆರಿಸಿ ಹೊರಡಬೇಡಿ. ಮೂರಾದರೂ ಬೇಕು, ಮೂರೂ ಬೇರೆ ಬೇರೆ ದಿಕ್ಕಿಗೆ ಮುಖ ಮಾಡಿರಬೇಕು. ಒಂದು ತೆರೆದ ಕಡಲಿಗೆ ನೇರ ಮುಖ ಮಾಡಿದ ಬೀಚ್, ಅಲೆ ಸಣ್ಣದಿದ್ದಾಗ ಅಲ್ಲಿಗೆ. ಒಂದು ಬಂಡೆ ತುದಿಯ ಮರೆಯಲ್ಲಿರುವ ಕೊಲ್ಲಿ, ಅಲೆ ವಿಪರೀತ ದೊಡ್ಡದಾದಾಗ ಅಲ್ಲಿಗೆ. ಇನ್ನೊಂದು ಮಾಮೂಲಿಗಿಂತ ಬೇರೆ ದಿಕ್ಕಿನ ಗಾಳಿಗೆ ಹೊಂದುವಂಥದ್ದು. ಮೂರರ ನಡುವಿನ ದೂರ ಒಂದೆರಡು ಗಂಟೆಯ ದಾರಿಯಾದರೆ ಬಹಳ ಒಳ್ಳೆಯದು. ನನ್ನ ಟ್ರಿಪ್‌ಗಳಲ್ಲಿ ಕನಸು ಕಂಡು ಹೊರಟ ಜಾಗದಲ್ಲಿ ಆಡಿದ್ದಕ್ಕಿಂತ ಮೂರನೇ ಆಯ್ಕೆಯ ಜಾಗದಲ್ಲಿ ಆಡಿದ್ದೇ ಜಾಸ್ತಿ.

ಅಲೆಯ ಲೆಕ್ಕ

ಫೋರ್‌ಕಾಸ್ಟ್ ತೆರೆದಾಗ ಎಲ್ಲರ ಕಣ್ಣು ಎತ್ತರದ ಮೇಲೆ. ನೀವು ಪೀರಿಯಡ್ ನೋಡಿ. ಒಂದು ಅಲೆಯ ನೆತ್ತಿ ಹೋಗಿ ಮುಂದಿನ ನೆತ್ತಿ ಬರುವವರೆಗಿನ ಸೆಕೆಂಡುಗಳು ಅದು.

8 ಸೆಕೆಂಡಿನ ಅಲೆ ಹತ್ತಿರದ ಗಾಳಿಯ ಕೂಸು. 14, 16, 18 ಸೆಕೆಂಡಿನದು ಸಾವಿರಾರು ಕಿಲೋಮೀಟರ್ ದೂರದ ಬಿರುಗಾಳಿಯಲ್ಲಿ ಹುಟ್ಟಿ, ದಾರಿಯಲ್ಲಿ ಶಿಸ್ತು ಕಲಿತು ಬಂದದ್ದು. ಅಲೆಯ ಶಕ್ತಿ ಎತ್ತರದ ವರ್ಗವನ್ನು ಪೀರಿಯಡ್‌ನಿಂದ ಗುಣಿಸಿದ ಹಾಗೆ ಏರುತ್ತದೆ. 2 ಮೀಟರ್, 8 ಸೆಕೆಂಡ್ ಅಂದರೆ 32. 1.5 ಮೀಟರ್, 16 ಸೆಕೆಂಡ್ ಅಂದರೆ 36. ಕಾಗದದ ಮೇಲೆ ಸಣ್ಣದಾಗಿ ಕಾಣುವ ಎರಡನೆಯದರಲ್ಲೇ ಬಲ ಜಾಸ್ತಿ. ಅಷ್ಟೇ ಅಲ್ಲ, ದಡಕ್ಕೆ ಬಂದು ನೆಲ ತಾಗಿದಾಗ ಉದ್ದ ಪೀರಿಯಡ್‌ನ ಅಲೆ ಇನ್ನೂ ಎತ್ತರಕ್ಕೆ ಏಳುತ್ತದೆ. 8 ಸೆಕೆಂಡಿನ ಅಲೆಗೆ ನೆಲ ತಾಗುವುದು ಸುಮಾರು 50 ಮೀಟರ್ ಆಳದಲ್ಲಿ, 16 ಸೆಕೆಂಡಿನದಕ್ಕೆ 200 ಮೀಟರ್ ಆಳದಲ್ಲೇ. ಹಾಗಾಗಿ ಅದು ಬಂಡೆ ತುದಿಗಳ ಸುತ್ತ ಜಾಸ್ತಿ ಬಾಗಿ ಒಳಗೂ ಬರುತ್ತದೆ. ಮರೆಯಲ್ಲಿರುವ ಕೊಲ್ಲಿ ಉದ್ದ ಪೀರಿಯಡ್ ಬಂದ ದಿನ ಮಾತ್ರ ಎಚ್ಚರಾಗುವುದು ಇದಕ್ಕೇ.

ಅಲೆ ಯಾವಾಗ ತಲುಪುತ್ತದೆ ಎಂಬುದಕ್ಕೆ ಒಂದು ಸುಲಭ ಲೆಕ್ಕವಿದೆ. ಪೀರಿಯಡ್ ಅನ್ನು 2.8ರಿಂದ ಗುಣಿಸಿದರೆ ಆಳದ ಕಡಲಿನಲ್ಲಿ ಅಲೆಗಳ ಗುಂಪು ಗಂಟೆಗೆ ಎಷ್ಟು ಕಿಲೋಮೀಟರ್ ಸಾಗುತ್ತದೆ ಎಂದು ಸಿಗುತ್ತದೆ. 16 ಸೆಕೆಂಡಿಗೆ ಗಂಟೆಗೆ 45 ಕಿ.ಮೀ. 12 ಸೆಕೆಂಡಿಗೆ 34 ಕಿ.ಮೀ. ಬಿರುಗಾಳಿ 3,000 ಕಿ.ಮೀ. ದೂರದಲ್ಲಿದ್ದರೆ ಮೊದಲನೆಯದು ಸುಮಾರು 67 ಗಂಟೆಗೆ ಬರುತ್ತದೆ, ಎರಡನೆಯದು 89 ಗಂಟೆಗೆ. ಅಂದರೆ ಹೆಚ್ಚುಕಡಿಮೆ ಒಂದು ದಿನ ತಡ. ಮೊದಲು ಬರುವವು ಉದ್ದ ಪೀರಿಯಡ್‌ನವು, ಎತ್ತರ ಇರುವುದಿಲ್ಲ, ಸೆಟ್‌ಗಳ (ಒಟ್ಟಿಗೆ ಬರುವ ದೊಡ್ಡ ಅಲೆಗಳ ಗುಂಪು) ನಡುವೆ ಇಪ್ಪತ್ತು ನಿಮಿಷ ಏನೂ ಇರುವುದಿಲ್ಲ. ನಾವು ಮೊದಲ ಟ್ರಿಪ್‌ನಲ್ಲಿ ಮಾಡಿದ ತಪ್ಪು ಇದೇ. ಬಿರುಗಾಳಿ ಎದ್ದ ದಿನವನ್ನೇ ಅಲೆ ಬರುವ ದಿನ ಎಂದುಕೊಂಡು ಓಡಿದ್ದೆವು.

ಮೋಸ ಹೋಗುವ ವಿಷಯಗಳು ಇನ್ನೆರಡಿವೆ. ಫೋರ್‌ಕಾಸ್ಟ್‌ನಲ್ಲಿ, ಅಲೆ ಅಳೆಯಲು ಕಡಲಲ್ಲಿ ತೇಲಿಬಿಟ್ಟ ಬೋಯಾದಲ್ಲಿ ತೋರಿಸುವ ಎತ್ತರ ಎಲ್ಲಾ ಅಲೆಗಳ ಪೈಕಿ ದೊಡ್ಡ ಮೂರನೇ ಒಂದು ಪಾಲಿನ ಸರಾಸರಿ. ಅದು ಗರಿಷ್ಠ ಅಲ್ಲ. ದಿನದಲ್ಲಿ ಒಂದೆರಡು ಅಲೆ ಅದರ ಎರಡರಷ್ಟು ಬರಬಹುದು. ಎರಡನೆಯದು ಸಮಯ. ಹವಾಮಾನ ನಕ್ಷೆಗಳು ಎಷ್ಟೋ ಸಲ ಯುಟಿಸಿ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಪ್ರಮಾಣಿತ ಸಮಯದಲ್ಲಿರುತ್ತವೆ. ಸ್ಥಳೀಯ ಸಮಯಕ್ಕೆ ಬದಲಾಯಿಸದೆ ಓದಿದರೆ ಬೆಳಗಿನ ಗಾಳಿ ಎಂದುಕೊಂಡದ್ದು ಮಧ್ಯಾಹ್ನದ ಗಾಳಿಯಾಗಿರುತ್ತದೆ.

ಗಾಳಿ ವಿಷಯ ಸರಳ. ದಡದಿಂದ ಕಡಲಿನ ಕಡೆಗೆ ಬೀಸುವ ತೆಳು ಗಾಳಿ ಅಲೆಯ ಮುಖವನ್ನು ಎತ್ತಿ ಹಿಡಿದು ನುಣ್ಣಗೆ ಮಾಡುತ್ತದೆ. ಕಡಲಿನಿಂದ ದಡಕ್ಕೆ ಬೀಸಿದರೆ ಎಲ್ಲಾ ಕಲಸುಮೇಲೋಗರ. ರಾತ್ರಿ ನೆಲ ತಣ್ಣಗಾಗುವುದರಿಂದ ಮುಂಜಾನೆ ಗಾಳಿ ಕಡಲಿಗೆ ಹೋಗುತ್ತದೆ, ಬಿಸಿಲು ಏರಿದ ಮೇಲೆ ತಿರುಗುತ್ತದೆ. ಆದ್ದರಿಂದ ಜಾಗವನ್ನು ಹಿಂದಿನ ದಿನ ಸಂಜೆಯೇ ತಲುಪಬೇಕು. ಬೆಳಿಗ್ಗೆ ಹತ್ತಕ್ಕೆ ತಲುಪುವ ಪ್ಲ್ಯಾನ್ ಪ್ಲ್ಯಾನೇ ಅಲ್ಲ.

ಉಬ್ಬರ ಇಳಿತ

ದಿನಕ್ಕೆರಡು ಉಬ್ಬರ ಇರುವ ಕರಾವಳಿಯಲ್ಲಿ ಉಬ್ಬರದಿಂದ ಇಳಿತಕ್ಕೆ ಆರು ಗಂಟೆ ಚಿಲ್ಲರೆ. ಪ್ರತಿದಿನ ಹೆಚ್ಚುಕಡಿಮೆ 50 ನಿಮಿಷ ಮುಂದಕ್ಕೆ ಹೋಗುತ್ತದೆ. ಅಮಾವಾಸ್ಯೆ, ಹುಣ್ಣಿಮೆ ಹತ್ತಿರ ಏರಿಳಿತ ಜಾಸ್ತಿ. ಇದು ನಿಮಗೆ ಗೊತ್ತಿರುತ್ತದೆ.

ಜನ ಮರೆಯುವುದು ನೀರು ಒಂದೇ ವೇಗದಲ್ಲಿ ಏರಿಳಿಯುವುದಿಲ್ಲ ಎಂಬುದನ್ನು. ಆರು ಗಂಟೆಯಲ್ಲಿ ಮೊದಲ ಗಂಟೆ ಹನ್ನೆರಡರಲ್ಲಿ ಒಂದು ಪಾಲು, ಎರಡನೇ ಗಂಟೆ ಎರಡು, ಮೂರು ಮತ್ತು ನಾಲ್ಕನೇ ಗಂಟೆ ತಲಾ ಮೂರು, ಆಮೇಲೆ ಎರಡು, ಒಂದು. ಒಟ್ಟು ಏರಿಳಿತ 3 ಮೀಟರ್ ಇದ್ದರೆ ನಡುವಿನ ಎರಡು ಗಂಟೆಯಲ್ಲೇ 1.5 ಮೀಟರ್ ಬದಲಾಗುತ್ತದೆ. ಮೊಣಕಾಲುದ್ದ ನೀರಿದ್ದ ಬಂಡೆಯ ಮೇಲೆ ಆಡುತ್ತಾ ಗಮನ ತಪ್ಪಿದರೆ ಬಂಡೆ ಹೊರಗೆ ಬಂದಿರುತ್ತದೆ. ಬೀಚ್ ಮೇಲೆ ಗಾಡಿ ನಿಲ್ಲಿಸಿದವರಿಗೆ ಇದೇ ಲೆಕ್ಕ ಉಲ್ಟಾ. ಅದರ ಕಥೆ ಮುಂದಿದೆ.

ಯಾವ ದಿನ ಏನು ತೀರ್ಮಾನ

ಹತ್ತು ದಿನ ಮುಂಚೆ ನಕ್ಷೆಯಲ್ಲಿ ಬಿರುಗಾಳಿ ಕಂಡರೆ ಖುಷಿಪಡಿ, ಆದರೆ ರಜೆ ಹಾಕಬೇಡಿ. ಅಷ್ಟು ದೂರದ ಅಂದಾಜು ದಿನದಿಂದ ದಿನಕ್ಕೆ ಕುಣಿಯುತ್ತಿರುತ್ತದೆ. ಐದು ದಿನಕ್ಕೆ ಬಂದಾಗ ಅಮೆರಿಕದ ಜಿಎಫ್‌ಎಸ್ ಮತ್ತು ಯುರೋಪಿನ ಇಸಿಎಂಡಬ್ಲ್ಯುಎಫ್ ಎರಡೂ ಹವಾಮಾನ ಮಾದರಿಗಳನ್ನು ಹೋಲಿಸಿ. ವಿಂಡಿ ಆ್ಯಪ್‌ನಲ್ಲಿ ಎರಡನ್ನೂ ಒಂದರ ಮೇಲೊಂದು ನೋಡಬಹುದು. ಎರಡೂ ಒಂದೇ ಮಾತು ಹೇಳುತ್ತಿದ್ದರೆ ರಜೆ ಹಾಕಿ, ಗಾಡಿ ಸರ್ವಿಸ್‌ಗೆ ಬಿಡಿ. ಎರಡು ದಿನ ಇರುವಾಗ ಗಾಳಿ ನೋಡಿ, ಮೂರು ಜಾಗಗಳಲ್ಲಿ ಯಾವುದು ಮೊದಲು ಎಂದು ಆರಿಸಿ. ಹೊರಡುವ ದಿನ ದಾರಿಯ ಮಳೆ ನೋಡಿ, ಅಷ್ಟೇ.

ಇದರ ಜೊತೆಗೆ ನಾನು ಕಾಗದದ ಮೇಲೆ ಮೂರು ಸಾಲು ಬರೆಯುತ್ತೇನೆ. ಎಷ್ಟು ದೊಡ್ಡ ಅಲೆಯಾದರೆ ನೀರಿಗೆ ಇಳಿಯುವುದಿಲ್ಲ. ಎಷ್ಟು ನೀರು, ಪೆಟ್ರೋಲ್ ಉಳಿದಾಗ ವಾಪಸ್ ಹೊರಡುತ್ತೇವೆ. ಯಾವ ದಿನ, ಎಷ್ಟು ಗಂಟೆಗೆ ಮನೆಗೆ ಸುದ್ದಿ ಕೊಡುತ್ತೇವೆ. ಮನೆಯಲ್ಲಿ ಕೂತು ಬರೆದಿರಬೇಕು. ದಡದಲ್ಲಿ ಅಲೆ ನೋಡುತ್ತಾ ನಿಂತಾಗ ಯಾರ ಬುದ್ಧಿಯೂ ನೆಟ್ಟಗಿರುವುದಿಲ್ಲ.

ದಾರಿ, ಪೆಟ್ರೋಲ್, ಮರಳು

ಆಫ್‌ಲೈನ್ ಮ್ಯಾಪ್ ಇಳಿಸಿಕೊಳ್ಳಿ. ಆರ್ಗ್ಯಾನಿಕ್ ಮ್ಯಾಪ್ಸ್, ಓಎಸ್ಎಂ ಆ್ಯಂಡ್ ಎರಡರಲ್ಲೂ ಕಾಲುದಾರಿ, ಎತ್ತಿನಗಾಡಿ ದಾರಿಯಂಥವೂ ಇರುತ್ತವೆ. ಕೊನೆಯ ಪೆಟ್ರೋಲ್ ಬಂಕ್, ಕೊನೆಯ ನೀರು, ಕೊನೆಯ ಆಸ್ಪತ್ರೆ, ಕೊನೆಯ ಮೊಬೈಲ್ ಸಿಗ್ನಲ್, ಈ ನಾಲ್ಕನ್ನೂ ಗುರುತು ಹಾಕಿ, ಅಕ್ಷಾಂಶ ರೇಖಾಂಶ ಸಮೇತ ಕಾಗದದ ಮೇಲೂ ಬರೆಯಿರಿ. ಉಪ್ಪುನೀರು ಕುಡಿದ ಫೋನ್ ಮ್ಯಾಪ್ ತೋರಿಸುವುದಿಲ್ಲ.

ಪೆಟ್ರೋಲ್ ಲೆಕ್ಕವನ್ನು ಕೊನೆಯ ಬಂಕ್‌ನಿಂದ ಶುರು ಮಾಡಿ. ಅಲ್ಲಿಂದ ಅತಿ ದೂರದ ಜಾಗಕ್ಕೆ ಹೋಗಿ, ಅಲ್ಲೇ ಓಡಾಡಿ, ಮತ್ತೆ ಅದೇ ಬಂಕ್‌ಗೆ ಬರಬೇಕು. ಹೈವೇಯಲ್ಲಿ ಲೀಟರಿಗೆ 12 ಕಿ.ಮೀ. ಕೊಡುವ ಗಾಡಿ ಮೆತ್ತನೆ ಮರಳಲ್ಲಿ 6-7 ಕೊಟ್ಟರೆ ಪುಣ್ಯ. ಬಂದ ಉತ್ತರಕ್ಕೆ ಮೂರನೇ ಒಂದು ಪಾಲು ಸೇರಿಸಿ. ಆ ಬಂಕ್ ಮುಚ್ಚಿರಬಹುದು, ಸ್ಟಾಕ್ ಇಲ್ಲ ಎನ್ನಬಹುದು. ಕ್ಯಾನ್‌ನಲ್ಲಿ ಒಯ್ಯುವುದಾದರೆ ಇಂಧನಕ್ಕೆಂದೇ ಮಾಡಿದ ಕ್ಯಾನ್ ಇರಲಿ, ಜನ ಕೂರುವ ಜಾಗದಲ್ಲಿ ಬೇಡ.

ಮರಳಲ್ಲಿ ಗಾಡಿ ಓಡಿಸುವ ವಿದ್ಯೆ ಮುಕ್ಕಾಲು ಪಾಲು ಟೈರ್ ಗಾಳಿಯಲ್ಲೇ ಇದೆ. ರಸ್ತೆಯಲ್ಲಿ 32-35 ಪಿಎಸ್‌ಐ ಇರುವುದನ್ನು ಮರಳಿಗೆ ಇಳಿಯುವ ಮುಂಚೆಯೇ 18-20ಕ್ಕೆ ಇಳಿಸಿ. ಹೂತ ಮೇಲೆ ಇಳಿಸುವುದಲ್ಲ, ಮುಂಚೆ. ಆಗ ಟೈರ್ ಉದ್ದಕ್ಕೆ ಚಪ್ಪಟೆಯಾಗಿ ಮರಳ ಮೇಲೆ ತೇಲಿದ ಹಾಗೆ ಹೋಗುತ್ತದೆ. ಆದರೂ ಹೂತರೆ ಆಕ್ಸಿಲರೇಟರ್ ಒತ್ತಬೇಡಿ, ಒತ್ತಿದಷ್ಟೂ ಗುಂಡಿ ಆಳ. ಇಳಿಯಿರಿ, ನಾಲ್ಕೂ ಚಕ್ರದ ಮುಂದಿನ ಮರಳು ತೋಡಿ, ಗಾಳಿಯನ್ನು 15ಕ್ಕೆ ಇಳಿಸಿ, ಚಕ್ರಕ್ಕೆ ಹಿಡಿತ ಕೊಡುವ ಟ್ರ್ಯಾಕ್ಷನ್ ಬೋರ್ಡ್ ಇಟ್ಟು, ಬಂದ ದಾರಿಯಲ್ಲೇ ಹಿಂದಕ್ಕೆ ತೆಗೆಯಿರಿ. ಗಾಳಿ ಕಡಿಮೆ ಇರುವಾಗ ಜೋರಾಗಿ ತಿರುಗಿಸಿದರೆ ಟೈರ್ ರಿಮ್‌ನಿಂದ ಕಳಚಿಕೊಳ್ಳುತ್ತದೆ. ಡಾಂಬರು ಸಿಕ್ಕ ಕೂಡಲೇ ಗಾಳಿ ತುಂಬಿಸಬೇಕು, ಅದಕ್ಕೆ 12 ವೋಲ್ಟ್ ಕಂಪ್ರೆಸರ್ ಮತ್ತು ಒಂದು ಒಳ್ಳೆಯ ಗೇಜ್ ಇರಲೇಬೇಕು. ಸಲಿಕೆ ಉದ್ದ ಹಿಡಿಕೆಯದ್ದಿರಲಿ. ಮಡಚುವ ಆಟಿಕೆ ಸಲಿಕೆಯಿಂದ ಗಾಡಿಯಡಿ ಮರಳು ತೋಡಿದ ಅನುಭವ ನನಗೆ ಒಮ್ಮೆಗೇ ಸಾಕಾಯಿತು.

ಇನ್ನೊಂದು ಗಾಡಿ ಎಳೆಯಲು ಬಂದರೆ, ಹಿಂದಿನ ಟೋ ಬಾಲ್‌ಗೆ (ಟ್ರೇಲರ್ ಸಿಕ್ಕಿಸುವ ಗುಂಡು) ಪಟ್ಟಿ ಸಿಕ್ಕಿಸಲೇಬೇಡಿ. ಅದು ತುಂಡಾದರೆ ಗುಂಡಿನ ಹಾಗೆ ಹಾರುತ್ತದೆ, ಜನ ಸತ್ತಿದ್ದಾರೆ. ಕಂಪನಿಯವರು ಎಳೆಯುವುದಕ್ಕೆಂದೇ ಕೊಟ್ಟಿರುವ ಕೊಂಡಿಗೆ ಹಾಕಿ, ಉಳಿದವರನ್ನೆಲ್ಲ ದೂರ ನಿಲ್ಲಿಸಿ.

ಬೀಚ್ ಮೇಲೆ ಗಾಡಿ ಇಳಿಸುವುದು ಎಷ್ಟೋ ಕಡೆ ಕಾನೂನು ಪ್ರಕಾರ ತಪ್ಪು. ಆಮೆ, ಹಕ್ಕಿ ಮೊಟ್ಟೆ ಇಡುವ ಮರಳದು. ಬಿಡುವ ಕಡೆಯೂ ಇಳಿತದ ಆಚೀಚೆ ಎರಡು ಗಂಟೆ ಮಾತ್ರ, ಗಟ್ಟಿ ಒದ್ದೆ ಮರಳಿನ ಮೇಲೆ. ನನ್ನ ಸ್ನೇಹಿತನೊಬ್ಬ ಇಳಿತದಲ್ಲಿ ಗಾಡಿ ನಿಲ್ಲಿಸಿ ಅಲೆಗೆ ಹೋದ. ಒಳ್ಳೆಯ ಅಲೆ ಇತ್ತು, ಮೂರು ಗಂಟೆ ಆಡಿದ. ವಾಪಸ್ ಬಂದಾಗ ಹಿಂದಿನ ಚಕ್ರಗಳು ಅರ್ಧ ಮುಳುಗಿದ್ದವು. ಆರು ಜನ ಮೀನುಗಾರರು ಕೈ ಹಾಕಿದ್ದಕ್ಕೆ ಗಾಡಿ ಉಳಿಯಿತು. ಹನ್ನೆರಡರ ಲೆಕ್ಕ ಅವನಿಗೆ ಈಗ ಬಾಯಿಪಾಠ.

ರಾತ್ರಿ ಓಡಿಸಬೇಡಿ. ಗೊತ್ತಿಲ್ಲದ ದಾರಿ, ದೀಪವಿಲ್ಲದ ಗಾಡಿಗಳು, ರಸ್ತೆ ಮೇಲೆ ಮಲಗುವ ದನಕರು, ಅದರ ಮೇಲೆ ಅಲೆ ಆಡಿ ಬಂದ ಸುಸ್ತು. ಎರಡು ಗಂಟೆಗೊಮ್ಮೆ ನಿಲ್ಲಿಸಿ, ಡ್ರೈವರ್ ಬದಲಾಯಿಸಿ.

ನೀರು, ಊಟ, ಮಲಗುವುದು

ಒಬ್ಬರಿಗೆ ದಿನಕ್ಕೆ 5 ಲೀಟರ್ ಕುಡಿಯಲು ಮತ್ತು ಅಡುಗೆಗೆ. ಬಿಸಿಲಿನ ಜಾಗವಾದರೆ ಇನ್ನೆರಡು ಲೀಟರ್. ಉಪ್ಪು ತೊಳೆಯಲು, ಗಾಯ ತೊಳೆಯಲು ಇನ್ನೆರಡು. ಇದನ್ನು ದಿನಗಳಿಂದ ಗುಣಿಸಿ, ಮೇಲೆ ಎರಡು ದಿನದ್ದು ಸೇರಿಸಿ. ಆ ಎರಡು ದಿನದ ನೀರನ್ನು ಬೇರೆ ಕ್ಯಾನ್‌ನಲ್ಲಿ ಕಟ್ಟಿಡಿ, ಮುಟ್ಟಬೇಡಿ. ಒಂದೇ ದೊಡ್ಡ ಡ್ರಮ್ ಬೇಡ. ಅದು ಒಡೆದರೆ ಟ್ರಿಪ್ಪೇ ಮುಗಿಯಿತು. ಮೂರು ನಾಲ್ಕು ಸಣ್ಣ ಕ್ಯಾನ್‌ಗಳೇ ವಾಸಿ.

ಊಟದ ಬಗ್ಗೆ ನಾನು ಜಾಸ್ತಿ ಹೇಳುವುದಿಲ್ಲ. ಮೊದಲ ಎರಡು ದಿನಕ್ಕೆ ತಾಜಾ, ಆಮೇಲೆ ಒಣಗಿದ್ದು, ಒಂದು ದಿನಕ್ಕಾಗುವಷ್ಟು ಒಲೆಯೇ ಹಚ್ಚದೆ ತಿನ್ನುವಂಥದ್ದು. ಸಾಕು.

ಗಾಡಿಯೊಳಗೆ ಮಲಗುವಾಗ ಒಳಗೆ ಒಲೆ ಹಚ್ಚಬೇಡಿ, ಎಂಜಿನ್ ಓಡಿಸುತ್ತಾ ಮಲಗಬೇಡಿ. ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ, ನಿದ್ದೆಯಲ್ಲೇ ಕೊಲ್ಲುತ್ತದೆ. ಟೆಂಟ್ ಹಾಕುವ ಮುಂಚೆ ಹಿಂದಿನ ಉಬ್ಬರ ಬಿಟ್ಟುಹೋದ ಕಸದ ಗೆರೆ ನೋಡಿ, ಅದಕ್ಕಿಂತ ಸಾಕಷ್ಟು ಮೇಲೆ ಹಾಕಿ. ಒಣಗಿದ ಹಳ್ಳದ ಪಾತ್ರದಲ್ಲಂತೂ ಬೇಡ. ಬೆಟ್ಟದಲ್ಲಿ ಮಳೆಯಾದರೆ ನಿಮ್ಮ ತಲೆ ಮೇಲೆ ನಕ್ಷತ್ರ ಇರುವಾಗಲೇ ನೀರು ಬರುತ್ತದೆ. ಶೌಚಕ್ಕೆ ನೀರಿನಿಂದ 60 ಮೀಟರ್ ದೂರ, 15-20 ಸೆಂಟಿಮೀಟರ್ ಗುಂಡಿ, ಕಾಗದ ಬಳಸಿದರೆ ಚೀಲದಲ್ಲಿ ವಾಪಸ್.

ಬೋರ್ಡು, ಸಾಮಾನು

ಎರಡು ಬೋರ್ಡ್ ತನ್ನಿ. ಒಂದು ದಿನಾ ಆಡುವಂಥದ್ದು, ಇನ್ನೊಂದು ಅದಕ್ಕಿಂತ ಸ್ವಲ್ಪ ಉದ್ದ, ದಪ್ಪ. ಸಣ್ಣ ಅಲೆಗೂ ಅದು ಆಗುತ್ತದೆ, ದೊಡ್ಡ ದಿನ ಪ್ಯಾಡಲ್ ಮಾಡಲೂ ಅದು ಸುಲಭ. ತೀರ ಸಣ್ಣ, ಚುರುಕಿನ ಬೋರ್ಡ್ ಮನೆಯಲ್ಲಿರಲಿ.

ಗಾಡಿಯ ಮೇಲೆ ಕಟ್ಟುವಾಗ ಬೋರ್ಡಿನ ಡೆಕ್ (ನಾವು ನಿಲ್ಲುವ ಮೈ) ಕೆಳಗೆ, ಫಿನ್ (ಅಡಿಯ ರೆಕ್ಕೆ) ಮೇಲಕ್ಕೆ, ಬಾಲ ಗಾಡಿಯ ಮುಂದಕ್ಕೆ. ಫಿನ್ ಕಳಚುವಂಥದ್ದಾದರೆ ಕಳಚಿಬಿಡಿ. ಪಟ್ಟಿಗೆ ಒಂದು ತಿರುವು ಕೊಟ್ಟರೆ ದಾರಿಯುದ್ದಕ್ಕೂ ಗುಂಯ್‌ಗುಡುವುದು ನಿಲ್ಲುತ್ತದೆ. ಲಾರಿಗೆ ಬಳಸುವ ರಾಚೆಟ್ ಪಟ್ಟಿ ಬೇಡ, ಬಿಗಿದು ಬಿಗಿದು ಬೋರ್ಡ್ ಬಿರುಕು ಬಿಡುತ್ತದೆ. ಹೊರಟು ಹದಿನೈದು ಇಪ್ಪತ್ತು ಕಿಲೋಮೀಟರ್‌ಗೆ ನಿಲ್ಲಿಸಿ ಕೈಯಿಂದ ಅಲ್ಲಾಡಿಸಿ ನೋಡಿ. ಬಿಸಿಲಲ್ಲಿ ಮುಚ್ಚಿದ ಗಾಡಿಯೊಳಗೆ ಬೋರ್ಡ್ ಬಿಡಬೇಡಿ, ಶಾಖಕ್ಕೆ ಫೈಬರ್ ಗುಳ್ಳೆಯೆದ್ದು ಫೋಮ್‌ನಿಂದ ಬಿಟ್ಟುಕೊಳ್ಳುತ್ತದೆ.

ರಿಪೇರಿ ಡಬ್ಬಿಯಲ್ಲಿ ಇರಬೇಕಾದ್ದು: ಬಿಸಿಲಿಗೆ ಗಟ್ಟಿಯಾಗುವ ರೆಸಿನ್ ಟ್ಯೂಬ್, ಎರಡು ಬಗೆಯ ಮರಳು ಕಾಗದ, ಫಿನ್ ಕೀ ಎರಡು (ಒಂದು ಖಂಡಿತ ಕಳೆಯುತ್ತದೆ), ಹೆಚ್ಚುವರಿ ಫಿನ್ ಸೆಟ್, ಎರಡು ಲೀಶ್, ಲೀಶ್ ದಾರ, ಆ ನೀರಿನ ಬಿಸಿಗೆ ಹೊಂದುವ ವ್ಯಾಕ್ಸ್, ಡಕ್ಟ್ ಟೇಪ್. ರೆಸಿನ್ ನೆರಳಲ್ಲಿ ಹಚ್ಚಿ, ಆಮೇಲೆ ಬಿಸಿಲಿಗೆ ಇಡಿ. ಬಿಸಿಲಲ್ಲೇ ಹಚ್ಚಲು ಹೋದರೆ ಕೈಯಲ್ಲೇ ಗಟ್ಟಿಯಾಗುತ್ತದೆ. ಒಡೆದ ಜಾಗ ಪೂರ್ತಿ ಒಣಗಿರಬೇಕು, ಒಳಗೆ ನೀರು ಉಳಿಸಿ ಮುಚ್ಚಬಾರದು.

ನೀರು 24 ಡಿಗ್ರಿಗಿಂತ ಬೆಚ್ಚಗಿದ್ದರೆ ವೆಟ್‌ಸೂಟ್ ಬೇಡ, ಬಿಸಿಲಿಗೆ ತೆಳು ಅಂಗಿ ಸಾಕು. 18-20ರಲ್ಲಿ 3/2 (ಮೈಭಾಗ 3, ಕೈಕಾಲು 2 ಮಿಲಿಮೀಟರ್ ದಪ್ಪದ ವೆಟ್‌ಸೂಟ್), 14-16ರಲ್ಲಿ 4/3, ಅದಕ್ಕಿಂತ ತಣ್ಣಗಾದರೆ 5/4 ಮತ್ತು ಕಾಲಿಗೂ ಬೂಟು. ಬಂಡೆ, ಹವಳದ ಮೇಲೆ ಆಡುವುದಾದರೆ ಬಿಸಿ ನೀರಿನಲ್ಲೂ ತೆಳು ಬೂಟು ಇರಲಿ.

ಏಟಾದರೆ

ಸರ್ಫಿಂಗ್‌ನಲ್ಲಿ ಜಾಸ್ತಿ ಏಟು ಕೊಡುವುದು ಶಾರ್ಕ್ ಅಲ್ಲ, ನಿಮ್ಮದೇ ಬೋರ್ಡ್. ಫಿನ್‌ನಿಂದ ಆಳದ ಸೀಳು, ಬಂಡೆಯ ತರಚು, ಕಿವಿಯ ತಮಟೆ ಹರಿಯುವುದು, ಆಳವಿಲ್ಲದ ನೀರಲ್ಲಿ ತಲೆ ಕುಟ್ಟಿ ಕುತ್ತಿಗೆಗೆ ಪೆಟ್ಟು. ಬಿದ್ದಾಗ ಚಪ್ಪಟೆಯಾಗಿ ಬೀಳಿ, ಮೇಲೆ ಬರುವಾಗ ಎರಡೂ ಕೈ ತಲೆಗೆ ಮರೆ.

ಹೊರಡುವ ಮುಂಚೆ ಗುಂಪಿನಲ್ಲಿ ಇಬ್ಬರಾದರೂ ಪ್ರಥಮ ಚಿಕಿತ್ಸೆ ತರಬೇತಿ ಪಡೆದಿರಬೇಕು. ಇಬ್ಬರು ಯಾಕೆಂದರೆ, ಏಟಾಗುವುದು ಕಲಿತವರಿಗೇ ಆದರೆ? ರಕ್ತ ಚಿಮ್ಮುತ್ತಿದ್ದರೆ ಬಟ್ಟೆ ಒತ್ತಿ ಹಿಡಿಯುವುದು ಮೊದಲು. ಕೈಕಾಲಿನ ಗಾಯ ಅದಕ್ಕೂ ನಿಲ್ಲದಿದ್ದರೆ ಟೂರ್ನಿಕೆಟ್ (ರಕ್ತ ತಡೆಯುವ ಬಿಗಿಪಟ್ಟಿ), ಗಾಯಕ್ಕಿಂತ 5-7 ಸೆಂಟಿಮೀಟರ್ ಮೇಲೆ, ಕೀಲಿನ ಮೇಲೆ ಅಲ್ಲ, ರಕ್ತ ನಿಲ್ಲುವವರೆಗೆ ಬಿಗಿಯಿರಿ, ಕಟ್ಟಿದ ಸಮಯ ಬರೆದಿಡಿ. ಸಮಯಕ್ಕೆ ಲೀಶ್ ಕೂಡ ಆಗುತ್ತದೆ, ಆದರೆ ಸರಿಯಾದ ಟೂರ್ನಿಕೆಟ್ ಡಬ್ಬಿಯಲ್ಲಿ ಹಗುರ ವಸ್ತು. ಹವಳದ ತರಚನ್ನು ಸಣ್ಣದೆಂದು ಬಿಡಬೇಡಿ. ಶುದ್ಧ ನೀರು ಸುರಿದು, ಮೆತ್ತನೆ ಬ್ರಷ್‌ನಿಂದ ಉಜ್ಜಿ, ಒಳಗಿನ ಚೂರು ತೆಗೆಯಬೇಕು. ಉರಿಯುತ್ತದೆ, ನಿಜ. ಬಿಟ್ಟರೆ ನಾಲ್ಕನೇ ದಿನಕ್ಕೆ ಕೀವು.

ಮರಳಲ್ಲಿ ಅಡಗಿರುವ ತೊರಕೆ ಮೀನು ಚುಚ್ಚಿದರೆ ಗಾಯವನ್ನು ತಡೆಯುವಷ್ಟು ಬಿಸಿ ನೀರಲ್ಲಿ, ಸುಮಾರು 45 ಡಿಗ್ರಿ, ಅರ್ಧದಿಂದ ಒಂದೂವರೆ ಗಂಟೆ ಅದ್ದಿ ಇಡಿ. ನೋವು ಇಳಿಯುತ್ತದೆ. ನೀರಿನ ಬಿಸಿಯನ್ನು ಬೇರೆಯವರು ಮುಟ್ಟಿ ನೋಡಲಿ, ಇಲ್ಲದಿದ್ದರೆ ಸುಟ್ಟುಕೊಳ್ಳುತ್ತೀರಿ. ಮುಳ್ಳು ಎದೆ, ಹೊಟ್ಟೆಯಲ್ಲಿ ಸಿಕ್ಕಿಕೊಂಡಿದ್ದರೆ ಕೀಳಬೇಡಿ, ಆಸ್ಪತ್ರೆಗೆ ಓಡಿ. ನೀರಿಗೆ ಇಳಿಯುವಾಗ ಕಾಲು ಎತ್ತಿ ಇಡದೆ ಎಳೆದುಕೊಂಡು ನಡೆದರೆ ತೊರಕೆ ತಾನೇ ಸರಿದು ಹೋಗುತ್ತದೆ.

ಸಿಗ್ನಲ್ ಇಲ್ಲದ ಕಡೆಗೆ ಅಪಾಯದ ಸಂಕೇತ ಕಳಿಸುವ ಪಿಎಲ್‌ಬಿ ಎಂಬ ಸಣ್ಣ ಸಾಧನ ಸಿಗುತ್ತದೆ. ಗುಂಡಿ ಒತ್ತಿದರೆ 406 ಮೆಗಾಹರ್ಟ್ಸ್‌ನಲ್ಲಿ ಕೊಸ್ಪಾಸ್-ಸಾರ್ಸ್ಯಾಟ್ ಉಪಗ್ರಹಗಳಿಗೆ ನಿಮ್ಮ ಗುರುತು ಹೋಗುತ್ತದೆ. ಮೊದಲೇ ನೋಂದಣಿ ಮಾಡಿಸಿರಬೇಕು. ಗಾರ್ಮಿನ್ ಇನ್‌ರೀಚ್‌ನಂಥವುಗಳಲ್ಲಿ ಮೆಸೇಜ್ ಕಳಿಸಬಹುದು, ಉತ್ತರವೂ ಬರುತ್ತದೆ, ಅದಕ್ಕೇ ನನಗೆ ಅದು ಮೆಚ್ಚು. ಆದರೆ ಎಚ್ಚರ. ಭಾರತವೂ ಸೇರಿ ಕೆಲವು ದೇಶಗಳಲ್ಲಿ ಅನುಮತಿ ಇಲ್ಲದೆ ಉಪಗ್ರಹ ಸಾಧನ ಇಟ್ಟುಕೊಂಡರೆ ಪೊಲೀಸ್ ಕೇಸ್ ಆಗುತ್ತದೆ. ಹೋಗುವ ದೇಶದ ನಿಯಮ ನೋಡಿಕೊಂಡೇ ತನ್ನಿ. ಸಾಧನ ಇದ್ದರೂ ಇಲ್ಲದಿದ್ದರೂ ಮನೆಯಲ್ಲಿ ಒಬ್ಬರ ಕೈಗೆ ಚೀಟಿ ಕೊಟ್ಟು ಹೋಗಿ: ಮೂರು ಜಾಗಗಳ ಗುರುತು, ಗಾಡಿ ನಂಬರ್, ಜೊತೆಗಿರುವವರ ಹೆಸರು, ಎಷ್ಟು ಗಂಟೆಯೊಳಗೆ ಸುದ್ದಿ ಬರದಿದ್ದರೆ ಯಾರಿಗೆ ಫೋನ್ ಮಾಡಬೇಕು.

ತಲುಪಿದ ಮೇಲೆ

ಬೋರ್ಡ್ ಬಿಚ್ಚಬೇಡಿ. ಕೂತು ಅರ್ಧ ಗಂಟೆ ನೋಡಿ. ಸೆಟ್‌ಗಳ ನಡುವೆ ಹತ್ತಿಪ್ಪತ್ತು ನಿಮಿಷ ಅಂತರ ಇರುವುದರಿಂದ ಐದು ನಿಮಿಷ ನೋಡಿದವರಿಗೆ ದೊಡ್ಡ ಅಲೆ ಕಾಣಿಸಿಯೇ ಇರುವುದಿಲ್ಲ. ಅಲೆ ಎಲ್ಲಿ ಮೊದಲು ಮುರಿಯುತ್ತದೆ, ಎಲ್ಲಿ ಮುರಿಯುವುದೇ ಇಲ್ಲ, ನೊರೆ ಯಾವ ಕಡೆ ಹರಿದು ಹೋಗುತ್ತಿದೆ, ಎಲ್ಲಕ್ಕಿಂತ ಮುಖ್ಯ, ಎಲ್ಲಿಂದ ಹೊರಗೆ ಬರುತ್ತೀರಿ. ಇಳಿಯುವ ಜಾಗ ಹುಡುಕುವುದು ಸುಲಭ, ಹತ್ತುವ ಜಾಗ ಹುಡುಕಿಟ್ಟುಕೊಂಡೇ ಇಳಿಯಬೇಕು. ದಡದಲ್ಲಿ ಎರಡು ಗುರುತು ಇಟ್ಟುಕೊಳ್ಳಿ, ಒಂದು ಮರ, ಅದರ ಹಿಂದೆ ಒಂದು ಬೆಟ್ಟದ ತುದಿ. ಎರಡೂ ಒಂದೇ ಸಾಲಿನಲ್ಲಿಲ್ಲ ಎಂದರೆ ಸೆಳೆತ ನಿಮ್ಮನ್ನು ಒಯ್ಯುತ್ತಿದೆ ಎಂದರ್ಥ. ಸೆಳೆತಕ್ಕೆ ಸಿಕ್ಕರೆ ಅದರ ಎದುರು ಈಜಬೇಡಿ. ಬೋರ್ಡ್ ಬಿಡಬೇಡಿ, ದಡಕ್ಕೆ ಸಮನಾಗಿ ಪಕ್ಕಕ್ಕೆ ಸರಿದು, ಅಲೆ ಮುರಿಯುವ ಕಡೆಯಿಂದ ಒಳಗೆ ಬನ್ನಿ.

ಮಳೆ ಬಂದ ಮೂರು ದಿನ ಅಳಿವೆಯಿಂದ ದೂರ ಇರಿ. ಊರಿನ ಹೊಲಸೆಲ್ಲ ಅಲ್ಲೇ ಬರುತ್ತದೆ. ನೀರು ಕದಡಿದಾಗ ದೊಡ್ಡ ಮೀನುಗಳೂ, ಕೆಲವು ದೇಶಗಳಲ್ಲಿ ಮೊಸಳೆಗಳೂ ಇರುತ್ತವೆ.

ಈ ಎಲ್ಲದಕ್ಕಿಂತ ಉಪಯೋಗಕ್ಕೆ ಬರುವುದು ಅಲ್ಲಿಯ ಮೀನುಗಾರರ ಹತ್ತಿರ ಹತ್ತು ನಿಮಿಷ ಮಾತು. ನೀರಡಿ ಯಾವ ಬಂಡೆ ಎಲ್ಲಿದೆ, ಬಲೆ ಎಲ್ಲಿ ಹಾಕಿದ್ದಾರೆ, ಗಾಡಿ ಎಲ್ಲಿ ನಿಲ್ಲಿಸಿದರೆ ಯಾರಿಗೂ ತೊಂದರೆಯಿಲ್ಲ, ಎಲ್ಲಾ ಅವರಿಗೆ ಗೊತ್ತು. ಬೆಳಿಗ್ಗೆ ದೋಣಿ ಇಳಿಸುವ ದಾರಿಗೆ ಗಾಡಿ ಅಡ್ಡ ಇಡಬೇಡಿ. ನೀರಲ್ಲಿ ಬೇರೆ ಸರ್ಫರ್‌ಗಳಿದ್ದರೆ ಅಲೆ ಮುರಿಯುವ ತುದಿಗೆ ಹತ್ತಿರ ಇರುವವರದೇ ಅಲೆ. ಮೊದಲ ಅರ್ಧ ಗಂಟೆ ಅಂಚಿನಲ್ಲಿ ಕೂತು ಅವರು ಬಿಟ್ಟದ್ದನ್ನು ಹಿಡಿಯಿರಿ. ಫೋಟೋ ಹಾಕುವಾಗ ಜಾಗದ ಹೆಸರು, ಗುರುತಿನ ಬೆಟ್ಟ ಎರಡೂ ಬೇಡ. ನೀವು ಹುಡುಕಿದ ಕಷ್ಟ ಇನ್ನೊಬ್ಬರೂ ಪಡಲಿ ಬಿಡಿ.

ವಾಪಸ್

ಕೊನೆಯ ದಿನ ಬೆಳಿಗ್ಗೆ ಅಲೆ ಚೆನ್ನಾಗಿಯೇ ಇರುತ್ತದೆ, ಯಾವಾಗಲೂ. ಕಾಗದದ ಎರಡನೇ ಸಾಲು ತೆಗೆದು ಓದಿ. ಕಟ್ಟಿಟ್ಟ ಕ್ಯಾನ್ ಬಿಚ್ಚುವ ಹೊತ್ತು ಬಂದಿದ್ದರೆ ಹೊರಡುವ ಹೊತ್ತೂ ಬಂದಿದೆ. ಆಡಿ ಬಂದ ತಕ್ಷಣ ಸ್ಟೀರಿಂಗ್ ಹಿಡಿಯಬೇಡಿ, ತಿಂದು ಒಂದು ಗಂಟೆ ಮಲಗಿ ಎದ್ದು ಹೊರಡಿ. ಸಿಗ್ನಲ್ ಸಿಕ್ಕ ಮೊದಲ ಜಾಗದಲ್ಲಿ ಮನೆಗೆ ಮೆಸೇಜ್. ಊರು ಸೇರಿದ ದಿನವೇ ಗಾಡಿಯ ಅಡಿಭಾಗಕ್ಕೆ ಜೋರಾಗಿ ನೀರು ಹೊಡೆಸಿ, ಬ್ರೇಕ್, ಚಕ್ರದ ಒಳಗು, ಕಂಬಿಗಳ ಸಂದು ಎಲ್ಲಾ. ಸುಮ್ನೆ ನಾಳೆ ಎಂದು ಬಿಟ್ಟರೆ ಉಪ್ಪು ನಾಳೆಯವರೆಗೆ ಕಾಯುವುದಿಲ್ಲ.

ಆಮೇಲೆ ನೋಟ್‌ಬುಕ್. ದಿನಾಂಕ, ಅಲೆಯ ಎತ್ತರ, ಪೀರಿಯಡ್, ದಿಕ್ಕು, ಗಾಳಿ, ಉಬ್ಬರದ ಯಾವ ಹೊತ್ತಿಗೆ ಚೆನ್ನಾಗಿತ್ತು, ಎಷ್ಟು ನೀರು ಖರ್ಚಾಯಿತು, ಎಷ್ಟು ಪೆಟ್ರೋಲ್, ಯಾವ ತಿರುವಿನಲ್ಲಿ ಗಾಡಿ ಹೂತಿತು. ನನ್ನ ನೋಟ್‌ಬುಕ್‌ನ ಮೊದಲ ಪುಟದಲ್ಲಿ ಅಲೆಯ ಅಂಕಿ ಒಂದೂ ಇಲ್ಲ. "ನೀರು ಸಾಲಲಿಲ್ಲ, ಇನ್ನೂ 20 ಲೀಟರ್" ಎಂದಷ್ಟೇ ಇದೆ. ಎರಡನೇ ಪುಟದಲ್ಲಿ ಅದೇ ಜಾಗ, ಮುಂದಿನ ವರ್ಷ, 1.4 ಮೀಟರ್, 15 ಸೆಕೆಂಡ್, ನಾಲ್ಕು ದಿನ.